ಸ್ನೋಬೋರ್ಡ್ ಟರ್ನ್ ಕೈಕೊಡ್ತಿದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಶನಿವಾರ ಬೆಳಗಿನ ಜಾವ ಎದ್ದು ಟಾಹೋಗೆ ಗಾಡಿ ಓಡಿಸ್ಕೊಂಡು ಹೋಗೋರಿಗೂ, ಬೆಂಗಳೂರಿಂದ ವಾರ ರಜ ಹಾಕಿ ಗುಲ್ಮಾರ್ಗ್‌ಗೆ ಹೋಗೋರಿಗೂ ಆಗೋದು ಹೆಚ್ಚುಕಡಿಮೆ ಒಂದೇ. ಮೊದಲು ಬರೀ ಬೀಳೋದು, ಆಮೇಲೆ ಹೇಗೋ ಎಡಕ್ಕೆ ಬಲಕ್ಕೆ ತಿರುಗೋಕೆ ಬರತ್ತೆ, ಅಲ್ಲಿಗೆ ನಿಂತುಬಿಡತ್ತೆ. ಸ್ವಲ್ಪ ಕಡಿದಾದ ಜಾಗ ಬಂದ್ರೆ ಬೋರ್ಡ್ ಮಾತು ಕೇಳಲ್ಲ. ಯಾರನ್ನಾದ್ರೂ ಕೇಳಿದ್ರೆ "ಮಂಡಿ ಬಗ್ಸು, ಮುಂದೆ ನೋಡು" ಅಂತಾರೆ. ಮಾತು ಸರಿನೇ, ಆದ್ರೆ ನಿಮ್ಮ ತೊಂದರೆಗೆ ಅದೇ ಮದ್ದು ಅಂತ ಹೇಗೆ ಗೊತ್ತಾಗ್ಬೇಕು?

ನಾನು ನೋಡಿರೋ ಪ್ರಕಾರ ಬಹುಪಾಲು ಕೇಸಲ್ಲಿ ಮೂಲ ಒಂದೇ. ಇಳಿಜಾರು ಕಂಡ ತಕ್ಷಣ ಭಯಕ್ಕೆ ಮೈ ಬೆಟ್ಟದ ಕಡೆಗೆ ವಾಲತ್ತೆ, ತೂಕ ಹಿಂದಿನ ಕಾಲಿಗೆ ಹೋಗತ್ತೆ, ಬೋರ್ಡನ್ನ ತಿರುಗಿಸ್ಬೇಕಾದ ಮುಂದಿನ ಕಾಲಿನ ಕೆಳಗೆ ಒತ್ತಡನೇ ಇರಲ್ಲ. ಆದ್ರೆ ಬೂಟು ಸಡಿಲ ಇದ್ರೂ, ಬೂಟನ್ನ ಬೋರ್ಡಿಗೆ ಹಿಡಿದಿಡೋ ಬೈಂಡಿಂಗ್ ತಪ್ಪಾಗಿ ಕೂತಿದ್ರೂ ಇದೇ ಲಕ್ಷಣಗಳೇ ಕಾಣ್ತವೆ. ಅದಕ್ಕೇ ಮೊದಲು ಸಾಮಾನು ನೋಡಿ, ಆಮೇಲೆ ಮೈ ನೋಡಿ. ಸಾಮಾನು ಚೆಕ್ ಮಾಡೋಕೆ ಹತ್ತು ನಿಮಿಷ ಸಾಕು, ದುಡ್ಡೂ ಬೇಡ.

ಬೋರ್ಡ್ ಹತ್ತೋ ಮುಂಚೆ ನೋಡ್ಬೇಕಾದ್ದು

ಮೊದಲು ಯಾವ ಕಾಲು ಮುಂದೆ ಅನ್ನೋದು. ಎಡಗಾಲು ಮುಂದಿದ್ರೆ ರೆಗ್ಯುಲರ್, ಬಲಗಾಲು ಮುಂದಿದ್ರೆ ಗೂಫಿ. ಬಾಡಿಗೆ ಅಂಗಡೀಲಿ ರಶ್ ಇದ್ರೆ ಕೇಳದೇನೇ ರೆಗ್ಯುಲರ್ ಹಾಕಿ ಕೊಟ್ಟುಬಿಡೋದು ಉಂಟು. ಸಾಕ್ಸ್ ಹಾಕ್ಕೊಂಡು ನುಣ್ಣನೆ ನೆಲದ ಮೇಲೆ ಓಡಿಬಂದು ಜಾರಿ ನೋಡಿ, ಯೋಚನೆ ಮಾಡದೇ ಯಾವ ಕಾಲು ಮುಂದೆ ಬರತ್ತೋ ಸಾಮಾನ್ಯವಾಗಿ ಅದೇ ನಿಮ್ಮ ಮುಂದಿನ ಕಾಲು. ಇದು ನೂರಕ್ಕೆ ನೂರು ಸರಿ ಬರತ್ತೆ ಅಂತಲ್ಲ, ಅನುಮಾನ ಇದ್ರೆ ಪುಟ್ಟ ಇಳಿಜಾರಲ್ಲಿ ಎರಡೂ ಥರ ಜಾರಿ ನೋಡಿ.

ಆಮೇಲೆ ಬೂಟು. ನೆಟ್ಟಗೆ ನಿಂತಾಗ ಕಾಲ್ಬೆರಳು ಬೂಟಿನ ಮುಂಭಾಗಕ್ಕೆ ಹಗುರವಾಗಿ ತಾಗ್ಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರೀಬೇಕು. ಲೇಸ್ ಪೂರ್ತಿ ಬಿಗಿದು ತುದಿಗಾಲಲ್ಲಿ ನಿಂತುಕೊಳ್ಳಿ. ಒಳಗೆ ಹಿಮ್ಮಡಿ ಮೇಲೆದ್ರೆ ಆ ಬೂಟು ನಿಮ್ಮದಲ್ಲ, ವಾಪಸ್ ಕೊಟ್ಟು ಅರ್ಧ ಸೈಜ್ ಕಮ್ಮಿ ಕೇಳಿ. ನಮ್ಮವರು ಚಳಿ ಅಂತ ಎರಡೆರಡು ಜೊತೆ ಸಾಕ್ಸ್ ಹಾಕ್ತಾರೆ, ದಯವಿಟ್ಟು ಬೇಡ. ಎರಡು ಸಾಕ್ಸ್ ಒಂದರ ಮೇಲೊಂದು ಜಾರ್ತವೆ, ಕಾಲು ಒತ್ತಿದ್ದು ಬೋರ್ಡಿಗೆ ಲೇಟಾಗಿ ತಲುಪತ್ತೆ, ಮೇಲಾಗಿ ರಕ್ತ ಓಡಾಟ ಕಮ್ಮಿಯಾಗಿ ಕಾಲು ಇನ್ನೂ ತಣ್ಣಗಾಗತ್ತೆ. ಉದ್ದದ್ದು, ಹತ್ತಿ ಅಲ್ಲದ್ದು, ಒಂದೇ ಜೊತೆ ಸಾಕು.

ಬೈಂಡಿಂಗಲ್ಲಿ ನಾಲ್ಕು ವಿಷಯ ಇದೆ. ಒಂದು ಅಗಲ: ಎರಡು ಬೈಂಡಿಂಗ್ ಮಧ್ಯದ ದೂರ ಭುಜದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ತುಂಬಾ ಅಗಲ ಆದ್ರೆ ಮಂಡಿ ಬಗ್ಗೋಕೆ ಜಾಗ ಇರಲ್ಲ, ತುಂಬಾ ಹತ್ರ ಆದ್ರೆ ಮೈ ಮುಂದಕ್ಕೂ ಹಿಂದಕ್ಕೂ ತೂಗಾಡತ್ತೆ. ಎರಡು ಕೋನ (ಪಾದ ಬೋರ್ಡಿನ ಮೂತಿ ಕಡೆ ತಿರುಗಿದ್ರೆ +, ಬಾಲದ ಕಡೆ ತಿರುಗಿದ್ರೆ -): ಕಲಿಯೋರಿಗೆ ಮುಂದಿನದು ಸುಮಾರು +15, ಹಿಂದಿನದು -6ರಿಂದ -15 ಡಿಗ್ರಿ ಒಳಗೆ ಇದ್ರೆ ಚೆನ್ನಾಗಿರತ್ತೆ. ಎರಡೂ ಪಾದ ಸೊನ್ನೆ ಡಿಗ್ರೀಲಿ ಇದ್ರೆ ಮಂಡಿ ಒಳಗಡೆ ಎಳೆದು ನೋಯತ್ತೆ. ರೇಸ್ ಮಾಡೋರು ಎರಡೂ ಪಾದ ಮುಂದಕ್ಕೆ ತಿರುಗಿಸಿಕೊಳ್ತಾರೆ, ಅದನ್ನ ನೋಡಿ ಈಗಲೇ ಹಾಗೆ ಮಾಡ್ಕೋಬೇಡಿ. ಮೂರು, ಬೂಟು ಬೋರ್ಡಿನ ಅಗಲಕ್ಕೆ ನಡುವೆ ಕೂತಿದೆಯಾ ಅಂತ. ಬೆರಳು ಕಡೆಗೂ ಹಿಮ್ಮಡಿ ಕಡೆಗೂ ಒಂದೇ ಸಮ ಹೊರಗೆ ಚಾಚಿರ್ಬೇಕು, ಒಂದೊಂದು ಕಡೆ ಒಂದೆರಡು ಸೆಂಟಿಮೀಟರ್ ಚಾಚಿದ್ರೆ ತೊಂದರೆ ಇಲ್ಲ. ನಾಲ್ಕು, ಸ್ಕ್ರೂ. ಬೈಂಡಿಂಗ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಒಂದು ಚೂರು ಅಲ್ಲಾಡಿದ್ರೂ ಟೈಟ್ ಮಾಡಿಸ್ದೇ ಲಿಫ್ಟ್ ಹತ್ಬೇಡಿ.

ಕೊನೇಲಿ ಎಡ್ಜ್, ಅಂದ್ರೆ ಬೋರ್ಡಿನ ಅಂಚಿನ ಉದ್ದಕ್ಕೂ ಇರೋ ಲೋಹದ ಪಟ್ಟಿ. ಉಗುರನ್ನ ಎಡ್ಜಿಗೆ ಅಡ್ಡಡ್ಡ ಇಟ್ಟು ಮೆಲ್ಲಗೆ ಕೆರೆದ್ರೆ ಉಗುರಿಂದ ಬಿಳಿ ಪುಡಿ ಸ್ವಲ್ಪ ಉದುರ್ಬೇಕು. ಏನೂ ಬರದೆ ಜಾರಿ ಹೋದ್ರೆ ಎಡ್ಜ್ ಮೊಂಡಾಗಿದೆ, ಗಟ್ಟಿ ಹಿಮದಲ್ಲಿ ನಿಮ್ಮ ನಿಲುವು ಎಷ್ಟೇ ಸರಿ ಇದ್ರೂ ಅದು ಹಿಡಿಯಲ್ಲ. ಎಡ್ಜಿನ ಉದ್ದಕ್ಕೆ ಬೆರಳು ಓಡಿಸ್ಬೇಡಿ, ಕುಯ್ದುಹಾಕತ್ತೆ.

ಹಿಂದೆ ತಿರುಗಿ ನಿಮ್ಮ ಗೆರೆ ನೋಡಿ

ಯಾರೂ ಮಾಡಲ್ಲ, ಆದ್ರೆ ಇದಕ್ಕಿಂತ ನಂಬಿಕಸ್ತ ಸಾಕ್ಷಿ ಇನ್ನೊಂದಿಲ್ಲ. ಬೆಳಗ್ಗೆ ಗ್ರೂಮಿಂಗ್ ಆದ, ಅಂದ್ರೆ ಮೆಷಿನ್ ಓಡಿಸಿ ಸಮ ಮಾಡಿದ ಹಿಮದ ಮೇಲೆ, ಹೊಲ ಗೀರಿದ ಹಾಗೆ ಸಣ್ಣ ಸಣ್ಣ ಸಾಲುಗಳು ಇರ್ತವಲ್ಲ, ಅಂಥ ಜಾಗದಲ್ಲಿ ನಾಲ್ಕೈದು ಟರ್ನ್ ಮಾಡಿ ಸೈಡಿಗೆ ಬಂದು ನಿಂತ್ಕೊಂಡು ಮೇಲೆ ನೋಡಿ. ಪೆನ್ಸಿಲ್ ದಪ್ಪದ ಒಂದೇ ಗೆರೆ ಇದ್ರೆ ಎಡ್ಜ್ ಹಿಡಿದಿದೆ. ಅಗಲವಾಗಿ ಒರೆಸಿದ ಹಾಗಿದ್ರೆ ಜಾರಿದೆ. ಕಲಿಯೋ ಹಂತದಲ್ಲಿ ಜಾರೋದು ತಪ್ಪೇನಲ್ಲ, ಆದ್ರೆ ಆ ಅಗಲ ಎಲ್ಲಿ ಶುರುವಾಗತ್ತೆ ಅಂತ ನೋಡಿ. ಟರ್ನಿನ ಶುರುವಲ್ಲೇ ಬೀಸಣಿಗೆ ಥರ ಬಿಚ್ಚಿಕೊಂಡಿದ್ರೆ ಹಿಂದಿನ ಕಾಲಲ್ಲಿ ಒದ್ದಿದ್ದೀರ. ಗೆರೆ ತುಂಡು ತುಂಡಾಗಿ ಮೆಟ್ಟಿಲ ಥರ ಇದ್ರೆ ಬೋರ್ಡ್ ಕುಣಿದಿದೆ. ಗೆರೆ ಪಕ್ಕದಲ್ಲೇ ಸಮಾನಾಂತರವಾಗಿ ಇನ್ನೊಂದು ಗೀರು ಇದ್ರೆ ಅದು ನಿಮ್ಮ ಬೂಟಿಂದು.

ತಿರುಗೋದೇ ಇಲ್ಲ, ನೆಟ್ಟಗೆ ಓಡ್ತಾನೇ ಇರತ್ತೆ

ಮುಂದಿನ ಕಾಲು ಖಾಲಿ ಇದೆ ಅಂತ ಅರ್ಥ. ಬೋರ್ಡಿನ ಮೂತಿ ಮೇಲೆ ತೂಕ ಇಲ್ದೇ ಇದ್ರೆ ಅಲ್ಲಿನ ಎಡ್ಜ್ ಹಿಮಕ್ಕೆ ಸರಿಯಾಗಿ ತಾಗೋದೇ ಇಲ್ಲ, ತಾಗದ ಎಡ್ಜ್ ತಿರುಗೋದೂ ಇಲ್ಲ. ಸ್ಪೀಡ್ ಜಾಸ್ತಿ ಆದಷ್ಟೂ ಭಯಕ್ಕೆ ಇನ್ನೂ ಹಿಂದೆ ವಾಲ್ತೀರ, ಅದರಿಂದ ಇನ್ನೂ ಕಂಟ್ರೋಲ್ ಹೋಗತ್ತೆ.

ಮೊದಲ ಚೆಕ್ ಸುಲಭ. ಓಡ್ತಿರೋವಾಗ ಯಾವ ತೊಡೆ ಉರೀತಿದೆ ಅಂತ ಗಮನಿಸಿ. ಗ್ರೂಮ್ ಮಾಡಿದ ಸ್ಲೋಪಲ್ಲಿ ಹಿಂದಿನ ತೊಡೆ ಮಾತ್ರ ಉರೀತಿದ್ರೆ ಅನುಮಾನನೇ ಬೇಡ. ಎರಡನೇ ಚೆಕ್, ಸಪಾಟು ಜಾಗದಲ್ಲಿ ಬೋರ್ಡ್ ಕಟ್ಕೊಂಡು ನಿಂತು ಹಿಂದಿನ ಕಾಲನ್ನ ಬೋರ್ಡ್ ಸಮೇತ ಎತ್ತೋಕೆ ನೋಡಿ. ಮೈಯನ್ನ ಮುಂದಿನ ಕಾಲಿನ ಮೇಲೆ ಪೂರ್ತಿ ತಂದ್ರೆ ಮಾತ್ರ ಬಾಲ ಮೇಲೇಳತ್ತೆ. ಆ ಜಾಗ ಯಾವುದು ಅಂತ ಮೈಗೆ ಗೊತ್ತಾಗ್ಲಿ.

ಸರಿಮಾಡೋದು ಹೇಗೆ ಅಂದ್ರೆ, ಟರ್ನ್ ಶುರು ಮಾಡೋವಾಗ ಸೊಂಟವನ್ನ ಮುಂದಿನ ಪಾದದ ಕಡೆಗೆ ಸರಿಸಿ. ಭುಜ ಮಾತ್ರ ಮುಂದೆ ಚಾಚಿ ಸೊಂಟ ಹಿಂದೇನೇ ಉಳಿದ್ರೆ ಪ್ರಯೋಜನ ಇಲ್ಲ, ತೂಕ ಇರೋದು ಸೊಂಟದ ಹತ್ರ. ಶುರುವಲ್ಲಿ ಮುಂದಿನ ಕಾಲಿಗೆ ನೂರಕ್ಕೆ ಸುಮಾರು 60 ಪಾಲು, ನಡುವಲ್ಲಿ ಸಮ, ಮುಗಿಸೋವಾಗ ಚೂರು ಹಿಂದೆ, ಹೀಗೆ ತೂಕ ಹರಿದಾಡ್ತಾ ಇರ್ಬೇಕು, ಒಂದೇ ಕಡೆ ನಿಲ್ಲೋದಲ್ಲ. ಭುಜಗಳು ಇಳಿಜಾರಿಗೆ ಸಮಾನಾಂತರವಾಗಿರ್ಲಿ, ಅಂದ್ರೆ ಮುಂದಿನ ಭುಜ ಹಿಂದಿನದಕ್ಕಿಂತ ಸ್ವಲ್ಪ ಕೆಳಗೆ. ಮುಂದಿನ ಕೈಯನ್ನ ಬೋರ್ಡಿನ ಮೂತಿ ಮೇಲೆ ಹಿಡಿದು ಓಡಿ ನೋಡಿ, ಮೈ ತಾನಾಗೇ ಬರತ್ತೆ.

ಇದನ್ನ ಕಡಿದಾದ ಜಾಗದಲ್ಲಿ ಕಲಿಯೋಕೆ ಹೋಗ್ಬೇಡಿ. ಭಯ ಇದ್ದಲ್ಲಿ ಮೈ ಸುಳ್ಳು ಹೇಳತ್ತೆ. ಹಸಿರು ಗುರುತಿನ, ಅಂದ್ರೆ ಎಲ್ಲಕ್ಕಿಂತ ಸುಲಭದ ಸ್ಲೋಪಿಗೆ ವಾಪಸ್ ಬಂದು, ಗುಲ್ಮಾರ್ಗಲ್ಲಾದ್ರೆ ಗೊಂಡೋಲಾ (ಕೇಬಲ್ ಕಾರ್) ಹತ್ತದೆ ಕೆಳಗಿನ ಹುಲ್ಲುಗಾವಲಿನ ಪುಟ್ಟ ಇಳಿಜಾರಲ್ಲೇ ಮಾಡಿ.

ಟರ್ನ್ ಆಗತ್ತೆ, ಆದ್ರೆ ಬಾಲ ಕಾರ್ ವೈಪರ್ ಥರ ಬೀಸತ್ತೆ

ಮುಂದಿನ ಕಾಲು ಶುರು ಮಾಡ್ಬೇಕಾದ ಕೆಲಸವನ್ನ ಹಿಂದಿನ ಕಾಲು ಒದ್ದು ಮಾಡ್ತಿದೆ. ಮೈಯ ಮೇಲ್ಭಾಗ ಒಂದು ಕಡೆ ತಿರುಗಿ ಕಾಲು ಇನ್ನೊಂದು ಕಡೆ ತಿರುಗಿರತ್ತೆ, ಯಾರಾದ್ರೂ ವಿಡಿಯೋ ತೆಗೆದ್ರೆ ಸ್ಪಷ್ಟವಾಗಿ ಕಾಣತ್ತೆ. ನಿಧಾನದ ಸ್ಲೋಪಲ್ಲಿ ಇದು ನಡೆಯತ್ತೆ, ಅದಕ್ಕೇ ತುಂಬಾ ಜನಕ್ಕೆ ತಪ್ಪು ಅಂತಾನೇ ಗೊತ್ತಾಗಲ್ಲ, ಗಟ್ಟಿ ಹಿಮ ಬಂದ ದಿನ ಮಾತ್ರ ಪೂರ್ತಿ ಕೈಕೊಡತ್ತೆ.

ಬೋರ್ಡ್ ಮರದ ಹಲಗೆ ಥರ ಕಂಡ್ರೂ ಉದ್ದಕ್ಕೆ ತಿರುಚಿಕೊಳ್ಳತ್ತೆ. ಟೋ ಸೈಡಿಗೆ (ಬೆರಳು ಕಡೆಯ ಎಡ್ಜಿಗೆ) ಹೋಗ್ಬೇಕು ಅಂದ್ರೆ ಮುಂದಿನ ಪಾದದ ಬೆರಳು ಕಡೆ ಮೊದಲು ಒತ್ತಿ, ಹಿಂದಿನ ಪಾದ ಇನ್ನೂ ಹಿಮ್ಮಡಿ ಮೇಲೇ ಇರ್ಲಿ, ಅರೆಕ್ಷಣ ಬಿಟ್ಟು ಹಿಂದಿನದೂ ಹಿಂಬಾಲಿಸ್ಲಿ. ಬೋರ್ಡ್ ತಾನೇ ತಿರುಗೋಕೆ ಶುರು ಮಾಡೋದು ಕಾಲಿಗೆ ಗೊತ್ತಾಗತ್ತೆ. ಒದೆಯೋದನ್ನ ಬಿಡಿಸೋಕೆ ಒಂದು ಉಪಾಯ: ಹಿಂದಿನ ಕೈಯಲ್ಲಿ ನಿಮ್ಮ ಜಾಕೆಟ್ಟಿನ ಹಿಂದಿನ ತೊಡೆ ಕಡೆಯ ಅಂಚು ಹಿಡ್ಕೊಂಡು ಓಡಿ. ಕೈ ಬೀಸೋಕೆ ಆಗದೇ ಇದ್ದಾಗ ಮೈಯ ಮೇಲ್ಭಾಗ ತಿರುಚೋದೂ ನಿಲ್ಲತ್ತೆ.

ಹೀಲ್ ಸೈಡ್ (ಹಿಮ್ಮಡಿ ಎಡ್ಜಿನ) ಟರ್ನಲ್ಲಿ ಬೋರ್ಡ್ ಗಡಗಡ ಅಂತ ಕುಣಿಯತ್ತೆ, ಆಮೇಲೆ ಜಾರಿ ಕೂರಿಸತ್ತೆ

ಜನ ಜಾಸ್ತಿ ಸುಸ್ತಾಗೋದು ಇದರಿಂದಲೇ, ಕಾರಣಗಳೂ ಇದಕ್ಕೇ ಜಾಸ್ತಿ, ಹಾಗಾಗಿ ನಿಧಾನಕ್ಕೆ ನೋಡೋಣ.

ಮೊದಲು ಹಿಮ ನೋಡಿ. ಟಾಹೋದಲ್ಲಿ ಮಾರ್ಚ್ ಏಪ್ರಿಲ್ ಟೈಮಲ್ಲಿ ಮಧ್ಯಾಹ್ನ ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟಿ ಬೆಳಗ್ಗೆ ಸಿಮೆಂಟ್ ನೆಲ ಆಗಿರತ್ತೆ. ಅಂಥ ದಿನ ಬೆಳಗ್ಗೆ ಕುಣಿದು, ಹತ್ತು ಹನ್ನೊಂದು ಗಂಟೆಗೆ ಹಿಮ ಮೆತ್ತಗಾದ ಮೇಲೆ ನಿಂತುಹೋದ್ರೆ ದೊಡ್ಡ ಪಾಲು ಹಿಮದ್ದು ಮತ್ತೆ ಮೊಂಡ ಎಡ್ಜಿಂದು. ಮೆತ್ತನೆ ಹಿಮದಲ್ಲೂ ಕುಣಿದ್ರೆ ನಿಮ್ಮದು.

ಎರಡನೇದು ಬೂಟಿನ ಹಿಮ್ಮಡಿ ಹಿಮಕ್ಕೆ ತಾಗ್ತಿದೆಯಾ ಅಂತ. ಆಗಲೇ ಹೇಳಿದ ಎರಡನೇ ಗೀರು ಕಂಡ್ರೆ ಅದೇ. ಇದರ ಲಕ್ಷಣನೇ ಬೇರೆ: ಕುಣಿತ ಇಲ್ಲ, ಹಿಡಿದಿದ್ದ ಎಡ್ಜ್ ಇದ್ದಕ್ಕಿದ್ದಂಗೆ ಕಿತ್ತುಕೊಂಡು ಹೋಗತ್ತೆ, ಯಾಕಂದ್ರೆ ಬೂಟು ನೆಲಕ್ಕೆ ಊರಿ ಎಡ್ಜನ್ನ ಮೇಲೆತ್ತಿಬಿಡತ್ತೆ. ಬೈಂಡಿಂಗನ್ನ ಬೆರಳು ಕಡೆಗೆ ಸರಿಸ್ಬೇಕು, ಕಾಲು ದೊಡ್ಡದಿದ್ರೆ ವೈಡ್ ಬೋರ್ಡ್ ಕೇಳ್ಬೇಕು.

ಇದೆರಡೂ ಅಲ್ಲ ಅಂದ್ರೆ ನಿಲುವು. ಹೀಲ್ ಸೈಡಿಗೆ "ಕುರ್ಚಿ ಮೇಲೆ ಕೂತ ಹಾಗೆ ಕೂರಿ" ಅಂತ ಹೇಳಿಕೊಡ್ತಾರೆ. ನನ್ನ ಪ್ರಕಾರ ಅರ್ಧ ತೊಂದರೆ ಈ ಮಾತಿಂದಲೇ ಬರೋದು. ಜನ ಕೂರೋವಾಗ ಸೊಂಟದಲ್ಲಿ ಬಗ್ತಾರೆ, ಎದೆ ಮುಂದೆ ಬಾಗತ್ತೆ, ಅಂಡು ಎಡ್ಜಿನಿಂದ ಆಚೆ ದೂರ ಹೋಗತ್ತೆ, ಕಾಲು ಮಾತ್ರ ನೆಟ್ಟಗೆ ಕಂಬ. ನೆಟ್ಟಗಿನ ಕಾಲಿಗೆ ಹಿಮದ ಏರುತಗ್ಗು ನುಂಗೋ ಶಕ್ತಿ ಇರಲ್ಲ, ತೂಕ ಎಡ್ಜಿನ ಮೇಲೆ ಇರದೆ ಅದರ ಆಚೆ ಇರತ್ತೆ, ಎಡ್ಜ್ ಹಿಡಿಯತ್ತೆ, ಬಿಡತ್ತೆ, ಹಿಡಿಯತ್ತೆ, ಬಿಡತ್ತೆ. ಅದೇ ಗಡಗಡ.

ಸರಿಯಾದ್ದು ಹೀಗೆ: ಬೆನ್ನು ನೆಟ್ಟಗೆ, ಎದೆ ಮೇಲೆ, ಬಗ್ಗೋದೆಲ್ಲ ಮಂಡೀಲಿ ಮತ್ತೆ ಆಂಕಲಲ್ಲಿ. ಬೂಟಿನೊಳಗೆ ಕಾಲ್ಬೆರಳುಗಳನ್ನ ಮೊಣಕಾಲಿನ ಕಡೆಗೆ ಮೇಲಕ್ಕೆಳೀರಿ, ಎಡ್ಜ್ ಎದ್ದೇಳೋದು ಅದರಿಂದಲೂ ಆಗತ್ತೆ, ಎಲ್ಲಾನೂ ಅಂಡಿಂದಲೇ ಮಾಡ್ಬೇಕಿಲ್ಲ. ಸೊಂಟ ಹಿಮ್ಮಡಿ ಎಡ್ಜಿನ ನೇರಕ್ಕೇ ಇರ್ಲಿ. ಆಮೇಲೆ ಮುಂದಿನ ಭುಜ ಮತ್ತೆ ಮುಂದಿನ ಮಂಡಿಯನ್ನ ಟರ್ನ್ ಹೋಗೋ ದಿಕ್ಕಿಗೆ ತೆರೀರಿ, ನೋಟ ಟರ್ನ್ ಮುಗಿಯೋ ಜಾಗಕ್ಕೆ ಹೋಗ್ಲಿ. ರೆಗ್ಯುಲರ್ ಆದ್ರೆ ಹೀಲ್ ಸೈಡ್ ಅಂದ್ರೆ ಎಡಕ್ಕೆ, ಎಡ ಹೆಗಲ ಆಚೆಗೆ ನೋಡ್ಬೇಕು. ಬೋರ್ಡಿನ ಮೂತಿ ನೋಡ್ತಾ ಇದ್ರೆ ಭುಜ ಮುಚ್ಚಿಕೊಂಡು ಬಿಡತ್ತೆ.

ಇಷ್ಟಾದ್ರೂ ಕುಣಿದ್ರೆ ಹೈಬ್ಯಾಕ್ ನೋಡಿ, ಅಂದ್ರೆ ಬೈಂಡಿಂಗಿನ ಹಿಂದೆ ಕಾಲಿಗೆ ಆತುಕೊಳ್ಳೋ ಎತ್ತರದ ಭಾಗ. ಮೀನಖಂಡಕ್ಕೂ ಹೈಬ್ಯಾಕಿಗೂ ನಡುವೆ ಗ್ಯಾಪ್ ಇದ್ರೆ ನೀವು ಒತ್ತಿದ್ದು ಎಡ್ಜಿಗೆ ತಲುಪೋಕೆ ಮುಂಚೆ ಕಾಲು ಆ ಗ್ಯಾಪಲ್ಲಿ ಓಡಾಡತ್ತೆ. ಫಾರ್ವರ್ಡ್ ಲೀನ್, ಅಂದ್ರೆ ಹೈಬ್ಯಾಕ್ ಮುಂದಕ್ಕೆ ವಾಲಿರೋ ಪ್ರಮಾಣ, ಒಂದು ಹಲ್ಲು ಜಾಸ್ತಿ ಮಾಡಿ ನೋಡಿ. ಒಂದೇ ಸಲ ಮೂರ್ನಾಲ್ಕು ಹಲ್ಲು ಏರಿಸ್ಬೇಡಿ, ತೊಡೆ ಸತ್ತೇ ಹೋಗತ್ತೆ. ಒಂದು ಬಾರಿಗೆ ಒಂದೇ ವಿಷಯ ಬದಲಾಯಿಸಿ, ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತಾನೇ ಗೊತ್ತಾಗಲ್ಲ.

ಟೋ ಸೈಡಲ್ಲಿ ಎಡ್ಜ್ ಬಿಟ್ಟುಬಿಡತ್ತೆ, ಮೀನಖಂಡ ಹಿಡ್ಕೊಳ್ಳತ್ತೆ

ಕೆಳಗಿನದು ಕಾಣಲ್ಲ ಅನ್ನೋ ಭಯಕ್ಕೆ ಜನ ಇಲ್ಲಿ ಸೊಂಟದಲ್ಲಿ ಮಡಚಿ ಬೆಟ್ಟಕ್ಕೆ ಕೈ ಊರೋ ಥರ ಬಗ್ತಾರೆ. ಅಂಡು ಹಿಂದೆ ಹೋಯ್ತು ಅಂದ್ರೆ ಎಡ್ಜಿನ ಮೇಲಿನ ತೂಕನೂ ಅದರ ಜೊತೆ ಹೋಯ್ತು. ಇನ್ನು ಕೆಲವರು ಮಂಡಿ ನೆಟ್ಟಗಿಟ್ಟು ತುದಿಗಾಲಲ್ಲಿ ನಿಲ್ತಾರೆ, ಮೀನಖಂಡ ಹಿಡ್ಕೊಳ್ಳೋದು ಅದಕ್ಕೇ. ಮಂಡಿಯನ್ನ ಹಿಮದ ಕಡೆಗೆ ಇಳಿಸಿ, ಮಂಡಿ ಕೆಳಗಿನ ಮುಂಭಾಗದ ಮೂಳೆ ಬೂಟಿನ ನಾಲಿಗೆಗೆ ಒತ್ತಿರೋದು ಗೊತ್ತಾಗ್ಬೇಕು, ಸೊಂಟ ಬೆಟ್ಟದ ಕಡೆಗೆ ಮುಂದಕ್ಕೆ. ಹಿಮ್ಮಡಿ ಒಳಗೆ ಎದ್ದೇಳ್ತಿದ್ರೆ ಮತ್ತೆ ಬೂಟಿನ ಚೆಕ್‌ಗೆ ವಾಪಸ್ ಹೋಗಿ.

ಏನೂ ಸೂಚನೆ ಇಲ್ದೇ ಧಡ್ ಅಂತ ಕೆಡವಿಬಿಡತ್ತೆ

ಎಡ್ಜ್ ಕ್ಯಾಚ್. ಇಳಿಜಾರಿನ ಕೆಳಗಡೆ ಇರೋ ಎಡ್ಜ್ ಹಿಮಕ್ಕೆ ಸಿಕ್ಕಿದ ಕ್ಷಣ ಬೋರ್ಡ್ ನಿಂತೇ ಹೋಗತ್ತೆ, ಮೈ ಮಾತ್ರ ಮುಂದೆ ಹೋಗತ್ತೆ. ತಲೆಗೆ ಪೆಟ್ಟು ಬೀಳೋ ಬಿದ್ದಾಟ ಇದು, ಅದರಲ್ಲೂ ಹಿಮ್ಮಡಿ ಎಡ್ಜ್ ಸಿಕ್ಕಿ ಬೆನ್ನ ಮೇಲೆ ಬಿದ್ರೆ ತಲೆಯ ಹಿಂಭಾಗ ನೆಲಕ್ಕೆ ಹೊಡಿಯತ್ತೆ. ಹೆಲ್ಮೆಟ್ ಇಲ್ದೆ ದಯವಿಟ್ಟು ಬೋರ್ಡ್ ಕಟ್ಟಬೇಡಿ, ಬಾಡಿಗೆಗೆ ಕೊಡೋರು ಕೇಳದಿದ್ರೆ ನೀವೇ ಕೇಳಿ ಇಸ್ಕೊಳ್ಳಿ.

ಟರ್ನ್ ನಡುವೆ ಆಗ್ತಿದ್ರೆ ಅವಸರ ಮಾಡ್ತಿದ್ದೀರ: ಬೋರ್ಡ್ ಇನ್ನೂ ಇಳಿಜಾರಿಗೆ ಅಡ್ಡ ಇರೋವಾಗಲೇ ಎಡ್ಜ್ ಬದಲಾಯಿಸೋಕೆ ಹೋಗ್ತಿದ್ದೀರ. ಮುಂದಿನ ಕಾಲಿಗೆ ತೂಕ ಕೊಟ್ಟು ಮೂತಿ ಕೆಳಮುಖ ಆಗೋವರೆಗೂ ಕಾಯಿರಿ, ಆಮೇಲೆ ಹೊಸ ಎಡ್ಜ್. ಆ ಒಂದು ಕ್ಷಣ ಸ್ಪೀಡ್ ಏರೋದು ಸಹಜ, ಅದನ್ನ ತಡ್ಕೋಬೇಕು. ಸಪಾಟು ದಾರೀಲಿ ನೆಟ್ಟಗೆ ಹೋಗೋವಾಗ ಆಗ್ತಿದ್ರೆ ಬೋರ್ಡನ್ನ ಪೂರ್ತಿ ಚಪ್ಪಟೆ ಬಿಟ್ಟಿದ್ದೀರ, ಯಾವುದಾದ್ರೂ ಒಂದು ಎಡ್ಜಿಗೆ ಚೂರು ಒರಗಿಕೊಂಡೇ ಹೋಗಿ. ಬೀಳೋದು ಖಾತ್ರಿ ಆದ್ರೆ ಅಂಗೈ ಚಾಚ್ಬೇಡಿ, ಮುಷ್ಟಿ ಕಟ್ಟಿ ಮೊಣಕೈಗೂ ಮಣಿಕಟ್ಟಿಗೂ ನಡುವಿನ ಭಾಗದ ಮೇಲೆ ಬೀಳಿ. ಹಿಂದಕ್ಕೆ ಬೀಳೋವಾಗ ಗದ್ದ ಎದೆಗೆ ಒತ್ತಿ ಅಂಡಿನ ಮೇಲೆ ಉರುಳಿ.

ಪೌಡರಲ್ಲಿ (ಆಳವಾದ ಮೆತ್ತನೆ ಹಿಮದಲ್ಲಿ) ಮೂತಿ ಮುಳುಗತ್ತೆ, ಹಿಂದಿನ ತೊಡೆ ಬೆಂದು ಹೋಗತ್ತೆ

ಇಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಆಳವಾದ ಹಿಮದಲ್ಲಿ ಮೂತಿ ಮೇಲೆ ತೇಲ್ಬೇಕು, ಅದಕ್ಕೆ ತೂಕ ಕೊಂಚ ಹಿಂದೆ ಇರೋದು ಸರಿ. ಆದ್ರೆ ಇಡೀ ಓಟ ಹಿಂದೆ ವಾಲಿಕೊಂಡೇ ಇದ್ರೆ ಕಾಲು ಉಳಿಯಲ್ಲ. ಎರಡೂ ಬೈಂಡಿಂಗ್ ಒಂದೆರಡು ತೂತು ಹಿಂದಕ್ಕೆ ಸರಿಸಿದ್ರೆ ಮೈ ನಡುವಲ್ಲೇ ಇದ್ದು ಮೂತಿ ತೇಲತ್ತೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 920ರ ಹತ್ರ, ಹೋದ ದಿನವೇ ಕಾಲು ಬೇಗ ಸೋತ್ರೆ ಎಲ್ಲಾ ತಪ್ಪೂ ನಿಲುವಿನದಲ್ಲ.

ಗೊಂಡೋಲಾದ ಎರಡನೇ ಹಂತದಿಂದ ಅಫರ್ವತ್ ಶಿಖರದ ಕಡೆ ಸಿಗೋ ಇಳಿಜಾರನ್ನ ಕಲಿಕೆಯ ಜಾಗ ಅಂದ್ಕೋಬೇಡಿ. ಅಲ್ಲಿ 2023ರ ಫೆಬ್ರವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರ್ಕೊಂಡ್ರು, 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗಲ್ಲೇ ರಷ್ಯಾದ ಒಬ್ಬರು. ಗೈಡ್, ಬೀಕನ್ (ಹಿಮದಡಿ ಸಿಕ್ಕವರನ್ನ ಪತ್ತೆಹಚ್ಚೋ ಸಿಗ್ನಲ್ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕೋ ಉದ್ದನೆ ಕೋಲು) ಇಲ್ದೇ, ಅವನ್ನ ಬಳಸೋಕೂ ಬರದೇ ಹೋಗೋ ಜಾಗ ಅಲ್ಲ ಅದು. ಟಾಹೋದಲ್ಲಿ ಮರಗಳ ಬುಡದಲ್ಲಿ ಹಿಮದಡಿ ಗುಂಡಿ ಇರತ್ತೆ, ತಲೆಕೆಳಗಾಗಿ ಬಿದ್ರೆ ಒಬ್ಬರೇ ಎದ್ದು ಬರೋಕೆ ಆಗಲ್ಲ, ಹಾಗಾಗಿ ಮರಗಳ ನಡುವೆ ಒಂಟಿಯಾಗಿ ಇಳೀಬೇಡಿ.

ಯಾವಾಗ ನಿಲ್ಲಿಸ್ಬೇಕು

ತಲೆಗೆ ಪೆಟ್ಟಾದ ಮೇಲೆ ತಲೆನೋವು, ವಾಂತಿ, ಮಂಕು, ಕೇಳಿದ್ದನ್ನೇ ಮತ್ತೆ ಕೇಳೋದು, ಇದರಲ್ಲಿ ಯಾವುದು ಕಂಡ್ರೂ ಆವತ್ತಿನ ಆಟ ಮುಗೀತು. ಹೆಲ್ಮೆಟ್ ಇತ್ತು ಅಂತ ಸುಮ್ಮನಿರ್ಬೇಡಿ, ಸ್ಕೀ ಪ್ಯಾಟ್ರೋಲನ್ನ (ಸ್ಲೋಪಿನ ರಕ್ಷಣಾ ತಂಡವನ್ನ) ಕರೀರಿ, ಡಾಕ್ಟರ್ ಹತ್ರ ಹೋಗಿ, ರಾತ್ರಿ ಒಬ್ಬರನ್ನೇ ಬಿಡ್ಬೇಡಿ.

ಬೋರ್ಡ್ ಮಾಡೋರಿಗೆ ಮಣಿಕಟ್ಟಿನ ಮುರಿತ ತುಂಬಾ ಸಾಮಾನ್ಯ. ರಿಸ್ಟ್ ಗಾರ್ಡ್ ಹಾಕಿದ್ರೆ ಅಪಾಯ ಕಮ್ಮಿಯಾಗತ್ತೆ, ಕಲಿಯೋರಂತೂ ಹಾಕ್ಲೇಬೇಕು. ಬಿದ್ದ ಮೇಲೆ ಹೆಬ್ಬೆರಳಿನ ಬುಡದ ಹತ್ರ ಒತ್ತಿದ್ರೆ ನೋವಿದ್ರೆ ಉಳುಕು ಅಂತ ಬಿಡ್ಬೇಡಿ, ಎಕ್ಸ್‌ರೇ ಮಾಡಿಸಿ.

ಆಂಕಲ್ ವಿಷಯ ಇನ್ನೂ ಮುಖ್ಯ, ಯಾಕಂದ್ರೆ ಇದು ಡಾಕ್ಟರ ಕಣ್ಣಿಗೂ ತಪ್ಪಿಸಿಕೊಳ್ಳತ್ತೆ. ಹೊರಗಡೆಯ ಗೆಣ್ಣಿನ ಸ್ವಲ್ಪ ಕೆಳಗೆ, ಸ್ವಲ್ಪ ಮುಂದೆ ನೋವಿದ್ರೆ ಟೇಲಸ್ ಅನ್ನೋ ಮೂಳೆಯ ಹೊರ ಅಂಚು ಮುರಿದಿರ್ಬಹುದು. ಸ್ನೋಬೋರ್ಡರ್‌ಗಳಲ್ಲಿ ಜಾಸ್ತಿ ಕಾಣಿಸೋದ್ರಿಂದ ಅವರ ಹೆಸರಲ್ಲೇ ಕರೀತಾರೆ. ಮಾಮೂಲಿ ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ, ಉಳುಕು ಅಂತ ಬ್ಯಾಂಡೇಜ್ ಕಟ್ಟಿ ಕಳಿಸಿಬಿಡ್ತಾರೆ. ಬೆಂಗಳೂರಲ್ಲಿ ತೋರಿಸೋವಾಗ ಸ್ನೋಬೋರ್ಡಲ್ಲಿ ಬಿದ್ದಿದ್ದು ಅಂತ ಬಾಯಿಬಿಟ್ಟು ಹೇಳಿ, ನೋವು ಕಮ್ಮಿಯಾಗದಿದ್ರೆ ಸಿಟಿ ಸ್ಕ್ಯಾನ್ ಬೇಕಾ ಅಂತ ನೀವೇ ಕೇಳಿ.

ಪೆಟ್ಟೇನೂ ಇಲ್ಲ, ಸಾಮಾನೂ ಸರಿ ಇದೆ, ಮೇಲಿನದೆಲ್ಲ ಮಾಡಿದ್ರೂ ಗೆರೆ ಹಾಗೇ ಇದೆ ಅಂದ್ರೆ ಅರ್ಧ ದಿನ ಇನ್‌ಸ್ಟ್ರಕ್ಟರ್ ಹಿಡೀರಿ. ಗ್ರೂಪ್ ಕ್ಲಾಸ್ ಸಾಕು, ಆದ್ರೆ ಸುಮ್ಮನೆ "ಟರ್ನ್ ಕಲಿಸಿ" ಅನ್ಬೇಡಿ. "ಹೀಲ್ ಸೈಡಿನ ಕೊನೇ ಭಾಗದಲ್ಲಿ ಕುಣಿಯತ್ತೆ, ಮೆತ್ತನೆ ಹಿಮದಲ್ಲೂ ಕುಣಿಯತ್ತೆ, ಬೂಟು ನೆಲಕ್ಕೆ ತಾಗ್ತಿಲ್ಲ" ಅಂತ ಹೇಳಿ, ಪಕ್ಕದಿಂದ ತೆಗೆದ ವಿಡಿಯೋ ಇದ್ರೆ ತೋರಿಸಿ. ಅಷ್ಟು ಹೇಳಿದ್ರೆ ಅವರು ಮೊದಲ ಓಟದಲ್ಲೇ ನಿಮ್ಮ ಸೊಂಟ ನೋಡೋಕೆ ಶುರು ಮಾಡ್ತಾರೆ.